ಅದು ಸೈಕಲ್ ಪಂಪ್ ಆಗಿರಲಿಲ್ಲ

ಸುಹಾಸ್, ಅದು ಸೈಕಲ್ ಪಂಪ್ ಆಗಿರಲಿಲ್ಲ. ನಿನ್ನ ವಾರ್ಡಿನ ರೋಗಿಯೊಬ್ಬರ ಉಸಿರು ಅದು. ನೀನು ನನ್ನೊಬ್ಬಳಿಗೆಂದು ಕಳಿಸಿದ್ದನ್ನು ನಾನು ಕದ್ದು ನಮ್ಮ ಸಂಗೀತದ ಟ್ರ್ಯಾಕಿಗೆ ಹಾಕಿದೆ. ನೀನು ಗುರುತಿಸಿ ಕೇಳಿದಾಗ, ಅದು ನಿನ್ನ ಭ್ರಮೆ ಎಂದು ನಂಬಿಸಿದೆ. ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು.

ಬ್ರಿಸ್ಟಲ್‌ನ ಆ ಬಾಡಿಗೆ ಮನೆಯಲ್ಲಿ ನಾನು, ನೀನು, ಡ್ಯಾನ್ ಸೇರಿ ಡ್ರಮ್ ಆ್ಯಂಡ್ ಬೇಸ್ ಸಂಗೀತದ ಗುಂಪು ಕಟ್ಟಿದಾಗ ಒಂದು ಕಟ್ಟಳೆ ಮಾಡಿಕೊಂಡಿದ್ದೆವು, ನೆನಪಿದೆಯಾ? ಬಳಸಿದ ಪ್ರತಿ ಸದ್ದಿನ ಮುಂದೆ ಅದು ಎಲ್ಲಿಂದ ಬಂತೆಂದು ಒಂದು ಪಟ್ಟಿಯಲ್ಲಿ ಬರೆಯಬೇಕು. ‘ಡ್ಯಾನ್ ಮನೆಯ ಫ್ರಿಜ್ ಬಾಗಿಲು.’ ‘ರೂಪಾಳ ಒಗ್ಗರಣೆ ಸೌಟು.’ ಕಟ್ಟಳೆ ನಿನ್ನದೇ. ಕೇಸ್ ಶೀಟ್ ಬರೆಯುವ ಡಾಕ್ಟರ ಬುದ್ಧಿ ಎಂದು ನಾವು ರೇಗಿಸುತ್ತಿದ್ದೆವು. ಐದು ವರ್ಷ, ಎರಡು ಆಲ್ಬಮ್, ಇಂಗ್ಲೆಂಡಿನ ಎಷ್ಟೋ ಕ್ಲಬ್ಬುಗಳು. ನಾವಿಬ್ಬರೂ ಕೆಲಸಕ್ಕೆಂದು ಐರ್ಲೆಂಡಿನ ಡಬ್ಲಿನ್‌ಗೆ ಬಂದ ಮೇಲೂ ಡ್ಯಾನ್ ಅಲ್ಲಿಂದ, ನಾವು ಇಲ್ಲಿಂದ ಫೈಲು ಕಳಿಸಿಕೊಂಡು ಗುಂಪನ್ನು ಉಳಿಸಿಕೊಂಡಿದ್ದೆವು.

ಆಮೇಲೆ ಕೋವಿಡ್ ಬಂತು. ಕ್ಲಬ್ಬುಗಳು ಮುಚ್ಚಿದವು. ಈ ಸಲ ಗಟ್ಟಿ ಟ್ರ್ಯಾಕ್ ಕೊಡದಿದ್ದರೆ ಕೈಬಿಡುತ್ತೇವೆ ಎಂದು ನಮ್ಮ ಆಲ್ಬಮ್ ಹೊರತರುವ ಲಂಡನ್ನಿನ ಲೇಬಲ್‌ನವರು ಹೇಳಿಬಿಟ್ಟರು. ನೀನು ಆಸ್ಪತ್ರೆಯಲ್ಲಿ ಮುಳುಗಿಹೋಗಿದ್ದೆ. “ನೀವೇ ನೋಡ್ಕೊಳ್ರಪ್ಪ” ಎಂದಿದ್ದೆ. ನಾನು ಡಬ್ಲಿನ್ನಿನ ಅಂಚಿನ ಕ್ಯಾಸಲ್‌ನಾಕ್‌ನ ಕೋಣೆಯಲ್ಲಿ, ಆಫೀಸಿನ ಮೀಟಿಂಗುಗಳ ನಡುವೆ, ಒಂದೂ ಸದ್ದು ಹೊಳೆಯದೆ ಕೂತಿದ್ದೆ. ಒಂದು ಮಧ್ಯಾಹ್ನ ನಿನ್ನ ವಾಯ್ಸ್ ನೋಟ್ ಬಂತು. ಆಕ್ಸಿಜನ್ನಿನ ಸುಯ್ ಎನ್ನುವ ಸದ್ದು, ಅದರ ನಡುವೆ ಯಾರೋ ಕಷ್ಟಪಟ್ಟು ಎಳೆಯುತ್ತಿದ್ದ ಉಸಿರು. ಕೊನೆಯಲ್ಲಿ ನಿನ್ನ ದನಿ.

“ಕೇಳಿಸ್ಕೊಂಡು ಡಿಲೀಟ್ ಮಾಡ್ಬಿಡೇ ರೂಪಾ. ನಾನೊಬ್ನೇ ಕೇಳಿ ಕೇಳಿ ಸಾಕಾಗಿದೆ. ಇನ್ನೊಬ್ರಿಗೂ ಕೇಳಿಸ್ಬೇಕು ಅನ್ನಿಸ್ತು, ಅಷ್ಟೇ.”

ನಾನು ಅತ್ತೆ — ಅದು ನಿಜ. ಕಣ್ಣೊರೆಸಿಕೊಂಡ ಅದೇ ಕೈಯಲ್ಲಿ ಆ ಉಸಿರನ್ನು ಕತ್ತರಿಸಿಕೊಂಡೆ — ಅದೂ ನಿಜ. ಡ್ರಮ್ಮುಗಳೆಲ್ಲ ಒಮ್ಮೆಲೇ ನಿಂತು, ಮತ್ತೆ ಅಪ್ಪಳಿಸುವ ಮುಂಚಿನ ಖಾಲಿ ಜಾಗದಲ್ಲಿ ಅದನ್ನಿಟ್ಟೆ. ಥೂ, ಎಷ್ಟು ಚೆನ್ನಾಗಿ ಕೂತಿತು ಗೊತ್ತಾ! ಪಟ್ಟಿಯಲ್ಲಿ ‘ರೂಪಾಳ ಸೈಕಲ್ ಪಂಪ್’ ಎಂದು ಬರೆದೆ. ಡ್ಯಾನ್ ಕುಣಿದಾಡಿದ. ಲೇಬಲ್‌ನವರು ಮರುಮಾತಿಲ್ಲದೆ ಒಪ್ಪಿದರು. ನಮ್ಮ ಟ್ರ್ಯಾಕುಗಳಲ್ಲೆಲ್ಲ ಜನ ಹೆಚ್ಚು ಕೇಳಿದ್ದು ಅದನ್ನೇ.

ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಲಾಕ್‌ಡೌನ್ ನಿಯಮದೊಳಗೆ ನಮ್ಮಿಬ್ಬರಿಗೂ ಸಿಗುತ್ತಿದ್ದದ್ದು ಫೀನಿಕ್ಸ್ ಪಾರ್ಕ್ ಒಂದೇ. ಮಾಸ್ಕ್ ಹಾಕಿಕೊಂಡು, ದೂರದೂರ ನಡೆಯುತ್ತಿದ್ದೆವು. ಒಂದು ದಿನ ನೀನು ಇದ್ದಕ್ಕಿದ್ದಂತೆ ನಿಂತೆ.

“ರೂಪಾ, ಹೊಸ ಟ್ರ್ಯಾಕಲ್ಲಿ ಒಂದು ಉಸಿರಿದೆಯಲ್ಲ... ಅದು ನಾನು ಕಳ್ಸಿದ್ದಾ?”

ಒಂದು ‘ಹೂಂ’ ಸಾಕಿತ್ತು.

“ಅಯ್ಯೋ, ಅದು ಸೈಕಲ್ ಪಂಪ್ ಕಣೋ! ಲಿಸ್ಟ್ ನೋಡು ಬೇಕಾದ್ರೆ. ನಿಂಗೆ ರೆಸ್ಟ್ ಬೇಕು, ಎಲ್ಲೆಲ್ಲೂ ವಾರ್ಡೇ ಕೇಳಿಸ್ತಿದೆ.”

“ಇರ್ಬೇಕು” ಎಂದು ನೀನು ಮುಂದೆ ನಡೆದೆ.

ರೋಗಿಯ ಸದ್ದು ಹೊರಗೆ ಹೋಯಿತೆಂದು ತಿಳಿದರೆ ನಿನ್ನ ಕೆಲಸಕ್ಕೇ ಕುತ್ತು, ನಿನಗೆ ಗೊತ್ತಿಲ್ಲದಿರುವುದೇ ಒಳ್ಳೆಯದು — ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನೀನು ಟ್ರ್ಯಾಕನ್ನು ತೆಗೆಸಿಬಿಡುತ್ತೀಯ ಎಂಬುದೊಂದೇ ನನ್ನ ಹೆದರಿಕೆ. ಆಮೇಲೆ ಹೆದರಿಕೆಗಳು ಹೆಚ್ಚಿದವು. ನಿನ್ನ ವಾರ್ಡಿನ ನರ್ಸ್ ಯಾರಾದರೂ ಗುರುತಿಸಿದರೆ? ಆ ಮನುಷ್ಯನ ಮನೆಯವರ ಕಿವಿಗೆ ಬಿದ್ದರೆ? ಆ ರೋಗಿ ಬದುಕಿದರೋ ಇಲ್ಲವೋ, ಅದನ್ನೂ ನಾನು ನಿನ್ನನ್ನು ಕೇಳಲಿಲ್ಲ — ಕೇಳುವ ಬಾಯಿ ಎಲ್ಲಿತ್ತು?

ಮುಂದಿನ ವಾರ ನೀನು ನಿನ್ನ ಹೆಡ್‌ಫೋನನ್ನು ನನ್ನ ಮನೆ ಬಾಗಿಲಲ್ಲಿಟ್ಟು, ಗೇಟಿನಾಚೆ ನಿಂತು ಹೇಳಿದೆ: “ನನ್ನ ಕಿವೀನ ನಾನೇ ನಂಬೋ ಹಾಗಿಲ್ಲ ಕಣೇ. ನೀವಿಬ್ರೂ ಮುಂದುವರ್ಸಿ.” ನೀನಿಲ್ಲದೆ ನಾವು ಒಂದೇ ಒಂದು ಟ್ರ್ಯಾಕನ್ನೂ ಮುಗಿಸಲಿಲ್ಲ. ಗುಂಪು ಅಲ್ಲಿಗೇ ನಿಂತಿತು.

ಈ ಯುಗಾದಿಗೆ ನಿನ್ನ ಮನೆಯಲ್ಲಿ ಊಟಕ್ಕೆ ಕೂತಾಗ ನೀನು ಅದನ್ನೇ ತಮಾಷೆ ಮಾಡಿ ಎಲ್ಲರಿಗೂ ಹೇಳಿದೆ. “ಸೈಕಲ್ ಪಂಪಲ್ಲಿ ಪೇಷಂಟ್ ಉಸಿರು ಕೇಳಿಸ್ಕೊಂಡೋನು ನಾನು! ಆಮೇಲೆ ಒಂದು ವರ್ಷ, ಸ್ಟೆಥಾಸ್ಕೋಪ್ ಇಟ್ಟಾಗೆಲ್ಲ ಪಕ್ಕದೋರನ್ನ ಕರೆದು, ನಿಮಗೂ ಕೇಳಿಸ್ತಿದೆಯಾ ಅಂತ ಕೇಳ್ತಿದ್ದೆ.” ಎಲ್ಲರೂ ನಕ್ಕರು. ನಿನ್ನ ಮಗಳು ಇಲ್ಲಿನವರ ಹಾಗೆ “ಯು ಆರ್ ಗ್ರ್ಯಾಂಡ್, ಡ್ಯಾಡ್”, ನಿನಗೇನೂ ಆಗಿಲ್ಲ, ಎಂದು ಬೆನ್ನು ತಟ್ಟಿದಳು. ನಾನೂ ನಕ್ಕೆ. ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ನಿನ್ನೆ ಡ್ಯಾನ್‌ಗೆ ಎಲ್ಲ ಹೇಳಿದೆ. ಟ್ರ್ಯಾಕನ್ನು ಎಲ್ಲ ಕಡೆಯಿಂದ ತೆಗೆಸಲು ಲೇಬಲ್‌ಗೂ ಬರೆದಿದ್ದೇನೆ. ಹಳೆಯ ಪಟ್ಟಿಯನ್ನು ತೆರೆದು ಆ ಸಾಲನ್ನು ತಿದ್ದಿದೆ: ‘ಸುಹಾಸ್ ನನ್ನನ್ನು ನಂಬಿ ಕಳಿಸಿದ್ದು.’ ಭಾನುವಾರ ನಿನ್ನ ಹೆಡ್‌ಫೋನ್ ಹಿಡಿದುಕೊಂಡು ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಕಿವಿ ಅಂದೂ ಸರಿಯಾಗಿಯೇ ಇತ್ತು.

ನನ್ನ ಹತ್ತಿರ ಸೈಕಲ್ಲೇ ಇರಲಿಲ್ಲ, ಸುಹಾಸ್. ಬ್ರಿಸ್ಟಲ್‌ನಲ್ಲಿ ನನಗೆ ಸೈಕಲ್ ಕಲಿಸಲು ಹೋಗಿ, ಸಾಕಪ್ಪಾ ಸಾಕು ಎಂದು ಕೈಚೆಲ್ಲಿದವನು ನೀನೇ. ಅಷ್ಟೆಲ್ಲ ಗೊತ್ತಿದ್ದೂ ಅಂದು ನೀನು ನಿನ್ನ ಕಿವಿಯನ್ನು ಬಿಟ್ಟು ನನ್ನ ಮಾತನ್ನು ನಂಬಿದೆ.