ಮೂರನೇ ಗೇರಿನ ಗುರುತು

ಚಹಾ ಕೊಡುವ ಮೆಕ್ಯಾನಿಕ್‌ನನ್ನು ನಾನು ನಂಬುವುದಿಲ್ಲ. ಚಹಾ ಕೊಡದವನನ್ನೂ ನಂಬುವುದಿಲ್ಲ. ಇವನಿಗೆ ಅಷ್ಟೇನು ಅವಸರ ಎಂದುಕೊಳ್ಳುತ್ತೇನೆ. ಇದು ಹುಟ್ಟುಗುಣವಲ್ಲ, ನೌಕರಿಯಿಂದ ಬಂದದ್ದು. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಮೂವತ್ತು ವರ್ಷ ನಾನು ಮಾಡಿದ ಕೆಲಸವೆಂದರೆ, ದಿಮ್ಮಿಗಳ ತುದಿಗೆ ಸುತ್ತಿಗೆಯಿಂದ ಹೊಡೆದ ಗುರುತು ನೋಡಿ, ಕಾಡಿನಿಂದ ಹೊರಟ ದಿಮ್ಮಿಯೇ ಡಿಪೋಗೆ ಬಂದಿದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ಸಂಶಯಪಡುವುದಕ್ಕೇ ಸಂಬಳ. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಸಂಶಯ ನಿಲ್ಲಲಿಲ್ಲ.

ಈಗ ಅದರ ಬಾಯಿಗೆ ಸಿಕ್ಕಿದ್ದು ನಮ್ಮ ಕಾರಿನ ಗೇರ್‌ಬಾಕ್ಸ್. ನಮ್ಮದು ಅಂದೆ, ನಿಜ ಹೇಳಬೇಕೆಂದರೆ ಅದು ನನ್ನ ಹೆಂಡತಿ ಸುಮಿತ್ರಾಳದು. ಜೋಯಿಡಾ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿದ್ದ ಅವಳು ಆ ಕಾರಿನಲ್ಲೇ ಓಡಾಡಿದಳು. ರಜೆಯಿದ್ದಾಗ ನಾನು ಪಕ್ಕದಲ್ಲಿ ಕೂತು, ತಿರುವು ಬಂದಾಗಲೆಲ್ಲ ನನ್ನ ಕಾಲ ಕೆಳಗೆ ಇಲ್ಲದ ಬ್ರೇಕ್ ಒತ್ತುತ್ತಿದ್ದೆ. ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಕಾರು ನನ್ನ ಕೈಗೆ ಬಂತು. ಕುಳಗಿ ರಸ್ತೆಯ ಏರಿನಲ್ಲಿ ಮೂರನೇ ಗೇರು ತಾನಾಗಿಯೇ ಕಳಚಿಕೊಂಡು, ಕಾರು ಸುಮ್ಮನೆ ಅರಚತೊಡಗಿತು.

ಮಾರಿಬಿಡು ಎಂದರು ಬಂಧುಗಳು. ನನಗೆ ಅದು ಸರಿಯಾಗಬೇಕಿತ್ತು, ಆದರೆ ಅವಳು ಓಡಿಸಿದ ಕಾರಾಗಿಯೇ ಸರಿಯಾಗಬೇಕಿತ್ತು. ದಾಂಡೇಲಿಯ ಒಬ್ಬ ಮೆಕ್ಯಾನಿಕ್ ಬಾನೆಟ್ ಕೂಡ ಎತ್ತದೆ, “ಪೂರಾ ಬಾಕ್ಸ ಚೇಂಜ್ ಮಾಡೂಣ್ರಿ ಸರ. ಹಳೇದು ನಮ್ಮ ಕಡೇನ ಇರ್ಲಿ” ಎಂದ. ಯಾಕೆ ಇರಲಿ? ರಾಮನಗರದವನು ಚಹಾ ತರಿಸಿ, “ಬಿಟ್ಟ ಹೋಗ್ರಿ, ಸಂಜೀಕ ಬರ್ರಿ” ಎಂದ. ಇಲ್ಲೇ ಕೂತು ನೋಡುತ್ತೇನೆ ಎಂದರೆ, “ಕುಂದ್ರಾಕ ಜಾಗಾ ಎಲ್ಲೈತ್ರಿ?” ಎಂದ. ಜಾಗ ನಿಜಕ್ಕೂ ಇರಲಿಲ್ಲ. ಆದರೂ ಚಹಾ ಕುಡಿದು ಕಾರು ತಿರುಗಿಸಿಕೊಂಡು ಬಂದೆ.

ಒಂದು ಸೋಜಿಗ ನೋಡಿ. ಡಾಕ್ಟರು ಹೊಟ್ಟೆ ಕೊಯ್ಯಬೇಕು ಎಂದರೆ ತೋರಿಸಿದ ಕಡೆ ಸಹಿ ಹಾಕುತ್ತೇವೆ. ಸುಮಿತ್ರಾಳ ಕಾಯಿಲೆಯ ಹೊತ್ತಿನಲ್ಲಿ ನಾನು ಹಾಗೇ ಮಾಡಿದೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂದು ಉಳಿದುಹೋದ ಪ್ರಶ್ನೆಗಳನ್ನೆಲ್ಲ ಈಗ ಮೆಕ್ಯಾನಿಕ್‌ಗಳಿಗೆ ಕೇಳುತ್ತಿದ್ದೇನೇನೋ.

ಕೊನೆಗೆ ಸಿಕ್ಕವನು ಹಳಿಯಾಳದ ಇನಾಸ ಮೇಸ್ತ್ರಿ. ಅವನು ಚಹಾದ ಮಾತೇ ಎತ್ತಲಿಲ್ಲ.

“ಬಾಕ್ಸ ಇಳಿಸಿ ಬಿಚ್ಚಿ ನೋಡದ ಏನೂ ಹೇಳಾಂಗಿಲ್ರಿ.”

“ನಾ ಇಲ್ಲೇ ಕುಂದ್ರತೇನಿ.”

“ಟೈರ್ ಮ್ಯಾಲೆ ಕುಂದರ್ರಿ. ಸ್ಟೂಲಿನ ಕಾಲ ಮುರದೈತಿ.”

“ತಗದ ಹಳೇ ಸಾಮಾನ ನನಗ ವಾಪಸ್ ಬೇಕು.”

“ಕೊಡತೇನಿ. ಆದ್ರ ಬ್ಯಾರೇ ಗಾಡೀದು ಕೊಟ್ರ ನಿಮಗ ಹೆಂಗ ಗೊತ್ತಾಗತೈತ್ರಿ?”

ಅದು ನಾನು ಕೇಳಬೇಕಾದ ಪ್ರಶ್ನೆ. ಅವನೇ ಕೇಳಿದ್ದರಿಂದ ಸಂಶಯ ಇಮ್ಮಡಿಯಾಯಿತು. ದಿಮ್ಮಿಗಾದರೆ ಗುರುತು ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಕಬ್ಬಿಣಕ್ಕೆ ಯಾರು ಹೊಡೆದಿರುತ್ತಾರೆ?

ಎರಡು ದಿನ ಟೈರಿನ ಮೇಲೆ ಕೂತು ಅವನ ಕೈಗಳನ್ನೇ ಕಾವಲು ಕಾದೆ. ಎರಡನೆಯ ಮಧ್ಯಾಹ್ನ ಅವನು ಬಾಕ್ಸಿನೊಳಗಿಂದ ಎರಡು ಕವಲಿನ ಒಂದು ತುಂಡು ತೆಗೆದು ನನ್ನ ಮುಂದೆ ಹಿಡಿದ.

“ಇದಕ್ಕ ಫೋರ್ಕ್ ಅಂತೇವ್ರಿ. ಗೇರ್ ಸರಸೂದು ಇದ. ಒಂದ ಕಡೆ ಹೆಂಗ ಸವದೈತಿ ನೋಡ್ರಿ. ಗೇರ್ ಹಾಕಿದ ಮ್ಯಾಲೂ ಕೈ ತಗೀದ ಹಂಗ ಇಟ್ಟಾರ. ಯಾರ ಓಡಸತಿದ್ರು?”

“ನಮ್ಮ ಮನಿಯವರು. ಈಗ ಇಲ್ಲ.”

ಅವನು ತುಂಡನ್ನು ಇನ್ನೊಮ್ಮೆ ತಿರುಗಿಸಿ ನೋಡಿ, “ಅಕ್ಕಾರ ಕೈ ಭಾಳ ಭಾರ ಇತ್ತೇನ್ರಿ?” ಎಂದ.

“ಇಲ್ಲ. ಸಣ್ಣ ಕೈ.”

“ಸಣ್ಣ ಕೈಗೆ ಇಷ್ಟ ಸವ್ಯಾಂಗಿಲ್ರಿ.”

ಆಗ ಅವನು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಲಾರಿ ಡ್ರೈವರ್‌ಗಳನ್ನು ನಾನು ಹಾಗೇ ನೋಡಿದ್ದೇನೆ.

ಘಟ್ಟದ ತಿರುವುಗಳಲ್ಲಿ ಹೆದರಿಕೆಯಾದಾಗ ನಾನು ಬಲಗೈಯನ್ನು ಗೇರಿನ ಮೇಲಿದ್ದ ಅವಳ ಕೈ ಮೇಲೆ ಇಡುತ್ತಿದ್ದೆ. “ಕೈ ತಗೀರಿ, ಗೇರ್ ಬದಲಸಬೇಕು” ಎನ್ನುತ್ತಿದ್ದಳು. ಬದಲಿಸಿದ ಮೇಲೆ ಮತ್ತೆ ಇಟ್ಟರೆ ಏನೂ ಅನ್ನುತ್ತಿರಲಿಲ್ಲ. ಘಟ್ಟ ಮುಗಿದರೂ ತೆಗೆಯುತ್ತಿರಲಿಲ್ಲ, ಅವಳೂ ನೆನಪಿಸುತ್ತಿರಲಿಲ್ಲ. ಊರೂರಿನ ಮೆಕ್ಯಾನಿಕ್‌ಗಳನ್ನು ಕಳ್ಳರಂತೆ ಕಂಡೆ; ಗೇರ್‌ಬಾಕ್ಸ್ ಕೆಡಿಸಿದವನು ಟೈರಿನ ಮೇಲೆ ಕೂತಿದ್ದ.

“ಅಕಿ ಕೈ ಮ್ಯಾಲೆ ನನ್ನ ಕೈನೂ ಇರತಿತ್ತು” ಎಂದೆ.

ಇನಾಸ ಮೇಸ್ತ್ರಿ ತುಂಡನ್ನು ಬಟ್ಟೆಯಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟ. “ಹಂಗಾರ ಇದು ನಿಮ್ಮ ಗಾಡೀದ ಬಿಡ್ರಿ. ಬ್ಯಾರೇ ಯಾರದೂ ಹಿಂಗ ಸವದಿರೂದಿಲ್ಲ.”

ಹೊಸ ಫೋರ್ಕ್, ಒಂದೆರಡು ರಿಂಗು ಹಾಕಿದ, ಉಳಿದದ್ದೆಲ್ಲ ಹಳೆಯದೇ. “ಇನ್ನ ಮ್ಯಾಲೆ ಗೇರ್ ಹಾಕಿ ಕೈ ತಗೀರಿ” ಎಂದು ಕಳಿಸಿದ. ಮಾರನೆಯ ದಿನ ಕುಳಗಿ ಏರಿನಲ್ಲಿ ಮೂರನೇ ಗೇರು ಹಾಕಿ ಕೈ ತೆಗೆದೆ. ಕಳಚಲಿಲ್ಲ. ಎರಡು ಸಲ ಗೇರಿನ ಕಡೆ ಹೊರಳಿ ನೋಡಿದೆ. ಮೇಸ್ತ್ರಿಯ ಮೇಲೆ ಸಂಶಯವಿಲ್ಲ. ಕೈ ತೆಗೆದರೂ ಗೇರು ನಿಲ್ಲುತ್ತದೆ ಎನ್ನುವುದನ್ನೇ ಇನ್ನೂ ನಂಬಲಾಗುತ್ತಿಲ್ಲ.