ಎದುರುತ್ತರವೆಂಬ ಆರೈಕೆ

ಮನೆಮನೆಗೆ ಹೋಗಿ ವೃದ್ಧರ ಆರೈಕೆ ಮಾಡುವ ನಮ್ಮ ವೃತ್ತಿಯಲ್ಲಿ ಕೈಗುಣ ಉಳ್ಳವರು ಹಲವರಿದ್ದಾರೆ. ಬಾಯಿಗುಣದಿಂದಲೇ ಹಾಸಿಗೆ ಹಿಡಿದವರನ್ನು ಎಬ್ಬಿಸಿದವರು, ನಾನು ಕಂಡಂತೆ, ಇಂದು ನಿವೃತ್ತರಾಗುತ್ತಿರುವ ನಮ್ಮ ‘ವಕೀಲಕ್ಕ’ ಒಬ್ಬರೇ. ಈ ಅಭಿನಂದನಾ ಸಂಪುಟದ ಸಂಪಾದಕರು ಅವರನ್ನು ‘ಸಹನಾಮೂರ್ತಿ’ ಎಂದು ಬಣ್ಣಿಸುವಂತೆ ಸೂಚಿಸಿದ್ದರು. ಸಹನೆಯಂತೆ! ವಾದ ಮಾಡದೆ ಅವರು ಯಾರಿಗೂ ಒಂದು ಲೋಟ ನೀರನ್ನೂ ಕೊಟ್ಟವರಲ್ಲ.

ಹೊಲಿಗೆ ಕಾರ್ಖಾನೆ ಮುಚ್ಚಿದಾಗ ಈ ಕೆಲಸಕ್ಕೆ ಬಂದ ಅವರು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನೂ, ಮಾನಕ್ಕೆ ಕುಂದು ಬಾರದಂತೆ ಟವೆಲಿನ ಮರೆಯಲ್ಲಿ ಮೈ ಒರೆಸುವುದನ್ನೂ ನನ್ನಂಥ ಹೊಸಬರಿಗೆ ಕೈಹಿಡಿದು ಕಲಿಸಿದರು. ತಾತನೊಬ್ಬರು ನನ್ನ ಮುಖಕ್ಕೆ ಔಷಧಿ ಉಗುಳಿದ ದಿನ ನಾನು ಅಡುಗೆಮನೆಗೆ ಓಡಿ ಅತ್ತೆ. “ಅತ್ತು ಮುಗಿಸ್ಕೊಂಡೇ ಬಾ. ಅಳುಮುಖ ಹೊತ್ಕೊಂಡು ಹೋದ್ರೆ ಅವರೇ ನಿನ್ನ ಸಮಾಧಾನ ಮಾಡ್ಬೇಕಾಗುತ್ತೆ” ಎಂದು ವಕೀಲಕ್ಕ ಗದರಿ, ನನ್ನ ಪಾಳಿಯನ್ನು ತಾವೇ ಮುಗಿಸಿಕೊಟ್ಟರು.

ಇಸ್ತ್ರಿ ಅಂಗಡಿ ನಡೆಸಿ ಸಂಸಾರ ಸಾಕಿದ್ದ ಅಜ್ಜಿಯೊಬ್ಬರು ಬಿದ್ದು ಸೊಂಟ ಮುರಿದುಕೊಂಡಿದ್ದರು. ಮೂಳೆ ಕೂಡಿದರೂ ಕಾಲು ನೆಲಕ್ಕಿಡಲು ಒಪ್ಪಲಿಲ್ಲ. ಹೀಗೇ ಮಲಗಿದರೆ ಮತ್ತೆಂದೂ ಏಳಲಾರರೆಂದು ವೈದ್ಯರು ಎಚ್ಚರಿಸಿದ್ದರು. ಮನೆಯವರೆಲ್ಲ ಮಗುವನ್ನು ಓಲೈಸಿದಂತೆ ಓಲೈಸಿ, ಅಜ್ಜಿ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಿದ್ದರು. ವಕೀಲಕ್ಕನಾದರೋ ಹೋದ ದಿನದಿಂದಲೇ ಜಗಳಕ್ಕಿಳಿದರು. “ನಮ್ಮತ್ತೆಗೇ ಎದುರು ಮಾತಾಡ್ತಾರೆ, ಬೇರೆಯವರನ್ನ ಕಳ್ಸಿ” ಎಂದು ಸೊಸೆ ನಮ್ಮ ಕಚೇರಿಗೆ ದೂರಿದರು. ಬದಲಿಯಾಗಿ ಹೋದವಳು ನಾನು.

ಬಾಗಿಲಲ್ಲೇ ಅಜ್ಜಿಯ ದನಿ ಕೇಳಿಸಿತು: “ಥೂ, ಇದೂ ಒಂದು ಮಡಿಕೇನಾ? ಮೂಲೆಗೆ ಮೂಲೆ ಸೇರಿಸೋಕೂ ಬರಲ್ವಾ?”

“ನನಗೆ ಹೀಗೇ ಸರಿ. ಮಲ್ಕೊಂಡೋರ ಮಾತು ನಾನ್ಯಾಕೆ ಕೇಳ್ಲಿ?” ಎಂದರು ವಕೀಲಕ್ಕ.

ನಾನೂ ಸೊಸೆಯೂ ಒಳಗೆ ಕಾಲಿಟ್ಟಾಗ ಅಜ್ಜಿ ಮಂಚದ ಕಂಬಿ ಹಿಡಿದು, ನಡುಗುವ ಕಾಲುಗಳ ಮೇಲೆ ನಿಂತು, ಬೆಡ್‌ಶೀಟಿನ ಅಂಚನ್ನು ಕಸಿಯುತ್ತಿದ್ದರು. ವಾದಿಸುತ್ತಲೇ ಇದ್ದ ವಕೀಲಕ್ಕನ ಎಡಗೈ ಅಜ್ಜಿಯ ಸೊಂಟದ ಹಿಂದೆ, ಮುಟ್ಟಿಯೂ ಮುಟ್ಟದಂತೆ, ಸಿದ್ಧವಾಗಿತ್ತು. ಸೊಸೆ ನನ್ನನ್ನು ತೋರಿಸಿದಾಗ ಅಜ್ಜಿ, “ಸತ್ತೋರಿಗೆ ಕಣೇ ಯಾರೂ ಎದುರು ಮಾತಾಡದೇ ಇರೋದು. ಇವಳೇ ಇರ್ಲಿ” ಎಂದರು. ಬಂದ ದಾರಿಗೆ ಸುಂಕವಿಲ್ಲವೆಂದು ನಾನು ಸಂತೋಷದಿಂದಲೇ ಹಿಂದಿರುಗಿದೆ.

ಅಜ್ಜಿ ಮತ್ತೆ ನಡೆದಾಡಿದರು. ಇಬ್ಬರೂ ಕೆಲವು ವರ್ಷ ಹಾವು ಮುಂಗುಸಿಯಂತೆ ಕಿತ್ತಾಡಿಕೊಂಡು ಸುಖವಾಗಿದ್ದರು. ಅಜ್ಜಿಯ ಕೊನೆಯ ಕಾಯಿಲೆಯಲ್ಲಿ ನಾನೂ ಜೊತೆಗಿದ್ದೆ. ಒಂದು ಬೆಳಗ್ಗೆ ವಕೀಲಕ್ಕ ಎಲ್ಲದಕ್ಕೂ ‘ಹೂಂ’ ಎನ್ನುತ್ತಿದ್ದುದನ್ನು ಗಮನಿಸಿದ ಅಜ್ಜಿ ಕಣ್ಣು ತೆರೆದು, “ಯಾಕೇ ಜಗಳ ನಿಲ್ಲಿಸ್ಬಿಟ್ಟೆ? ನನ್ನ ಕಥೆ ಮುಗೀತಾ?” ಎಂದು ಕೇಳಿದರು.

ವಕೀಲಕ್ಕ ತೋಳಿನಿಂದ ಕಣ್ಣೊರೆಸಿಕೊಂಡು, “ಎಲ್ಲಿ ಮುಗೀತು? ದಿಂಬಿನ ಮೇಲೆ ನೆಟ್ಟಗೆ ತಲೆ ಇಡೋಕೂ ಬರಲ್ಲ ನಿಮಗೆ!” ಎಂದು ಗದರಿದರು. ಅಜ್ಜಿ ನಕ್ಕು, ಅರ್ಧ ಉಸಿರಿನಲ್ಲೇ, “ನಿನಗೇನೇ ಗೊತ್ತು?” ಎಂದು ತಿರುಗೇಟು ಕೊಟ್ಟರು. ಎದೆ ಒಡೆಯುತ್ತಿರುವಾಗ ಜಗಳವಾಡುವುದಕ್ಕಿಂತ ಕಷ್ಟದ ಕೆಲಸವನ್ನು ನಮ್ಮ ವೃತ್ತಿಯಲ್ಲಿ ನಾನು ಕಂಡಿಲ್ಲ.

ಹೊಸಬರ ತರಬೇತಿಯನ್ನು ಮುಂದುವರಿಸಲು ಒಪ್ಪಿರುವ ವಕೀಲಕ್ಕ ನೂರು ಕಾಲ ಗಟ್ಟಿಯಾಗಿ ಬಾಳಲಿ. ಅವರ ಬಾಯಿ ಅವರಿಗಿಂತಲೂ ಗಟ್ಟಿಯಾಗಿರಲಿ. ವಯಸ್ಸಾಯಿತೆಂದು ಎಲ್ಲರೂ ಅವರಿಗೆ ತಲೆಯಾಡಿಸತೊಡಗುವ ದಿನವೂ ಬರಬಹುದು. ಅಕ್ಕಾ, ಆ ದಿನ ನಿಮ್ಮೊಡನೆ ಜಗಳಕ್ಕೆ ನಾನು ಬರುತ್ತೇನೆ.