ಇನಾಸಣ್ಣನ ನಾಲ್ಕು ಸಾಲು

ನರಸಿಂಹರಾಜಪುರದ ನಮ್ಮ ಇಗರ್ಜಿಯಲ್ಲಿ ಯಾರನ್ನೇ ಮಣ್ಣು ಮಾಡಲಿ, ಪಾದ್ರಿಗಳ ಪ್ರಾರ್ಥನೆ ಮುಗಿಯಿತೆಂದು ಜನ ಮನೆಗೆ ಹೊರಡುತ್ತಿರಲಿಲ್ಲ. ಅಳುತ್ತಿದ್ದವರೂ ಮೂಗು ಒರೆಸಿಕೊಂಡು ಕಿವಿ ನಿಮಿರಿಸುತ್ತಿದ್ದರು. ಆಗ ಇನಾಸಣ್ಣ ಕನ್ನಡಕ ಏರಿಸಿ, ತೀರಿಹೋದವರ ಮೇಲೆ ತಾನು ಕಟ್ಟಿದ ನಾಲ್ಕು ಸಾಲು ಓದುತ್ತಿದ್ದ. ಬಸ್ಸಿನ ಡ್ರೈವರ್ ಪಾವ್ಲಣ್ಣ ಹೋದಾಗ ಓದಿದ್ದು ನನಗೆ ಇವತ್ತಿಗೂ ಬಾಯಿಪಾಠ:

ಪೂಜೆಗೆ ಎಂದೂ ಹೊತ್ತಿಗೆ ಬಾರದ ಪಾವ್ಲನಿವನು, ಸ್ವಾಮಿ,
ಹಸಿದವರೆಂದರೆ ತಟ್ಟೆಯ ಅನ್ನವ ನೀಡಿದ ಆಸಾಮಿ.
ಬಾಗಿಲು ಬಡಿದರೆ ಬೈಯದೆ ತೆರೆ ನೀ, ತಡವಾಯಿತು ಎನದೆ;
ಇಲ್ಲಿಯು ನಾವೂ ಕಾದೆವು ಅವನಿಗೆ ಒಂದಿನವೂ ಬಿಡದೆ.

ಪಾವ್ಲಣ್ಣನ ಹೆಂಡತಿ ಅಳುತ್ತಲೇ ನಕ್ಕುಬಿಟ್ಟಿದ್ದಳು.

ಇನಾಸಣ್ಣನದು ಮಿಕ್ಸಿ ರಿಪೇರಿ ಅಂಗಡಿ. ಪಕ್ಕದ್ದೇ ನನ್ನ ಹೊಲಿಗೆ ಅಂಗಡಿ. ಮಿಕ್ಸಿ ಬಿಚ್ಚಿ ಹರಡಿಕೊಂಡು, ಸ್ಕ್ರೂಡ್ರೈವರಿನಿಂದ ಮೇಜಿನ ಮೇಲೆ ತಾಳ ಹಾಕುತ್ತಾ ಪದ ಹೊಂದಿಸುತ್ತಿದ್ದ. ತಾಳ ನಿಂತಿತೆಂದರೆ ಪದ ಸಿಕ್ಕಿತು ಎಂದು ನನಗೆ ಗೊತ್ತಾಗುತ್ತಿತ್ತು. ಬೆಳಗಿನ ಪ್ರಾರ್ಥನೆಯೂ ಹಾಗೆಯೇ, ಸುಟ್ಟ ಮೋಟರಿನ ವಾಸನೆಯ ನಡುವೆ. “ಸ್ವಲ್ಪ ಹೊಗಳಿ ಬರೆದರೆ ಗಂಟೇನು ಹೋಗ್ತದೆ ಮಾರಾಯ?” ಎಂದು ಒಮ್ಮೆ ಕೇಳಿದ್ದೆ.

“ಹೊಗಳೋಕೆ ನಂಗೇನು ಕಷ್ಟ? ಆದ್ರೆ ಕೇಳೋನು ದೇವ್ರಲ್ವಾ. ಅವ್ನಿಗೆ ಮೊದ್ಲೇ ಗೊತ್ತಿರ್ತದೆ. ಸುಳ್ಳು ಶಿಫಾರಸು ತಗೊಂಡು ಹೋದ್ರೆ ಅಲ್ಲಿ ಮರ್ಯಾದೆ ಹೋಗೋದು ಸತ್ತೋರ್ದು.”

ಒಂದು ಮಳೆಗಾಲದಲ್ಲಿ ಹಿಂದಿನ ಬೀದಿಯ ಕತ್ರೀನಕ್ಕನಿಗೆ ನ್ಯುಮೋನಿಯಾ ಆಯಿತು. ಪಾದ್ರಿಗಳು ಬಂದು ಹಣೆಗೆ ಕೊನೆಗಾಲದ ತೈಲ ಹಚ್ಚಿ ಹೋದರು. ಇನ್ನೇನು ಎರಡು ದಿನ ಎಂದುಕೊಂಡು ಇನಾಸಣ್ಣ ಅವಳ ನಾಲ್ಕು ಸಾಲು ಬರೆದಿಟ್ಟ. ಕತ್ರೀನಕ್ಕ ಸಾಯಲಿಲ್ಲ. ಹದಿನೈದು ದಿನಕ್ಕೆ ಮಿಕ್ಸಿ ಜಾರು ಹಿಡಿದುಕೊಂಡು ಅಂಗಡಿ ಮೆಟ್ಟಿಲು ಹತ್ತಿ ಬಂದಳು.

“ಜಾರು ಸರಿಯಾಗೇ ಇದೆ. ನಂದು ಬರ್ದಿದೀಯಂತಲ್ಲ, ಓದು.”

“ಅಕ್ಕಾ, ಅದು ನೀನು ಕೇಳೋದಲ್ಲ.”

“ಸತ್ತ ಮೇಲೆ ನಂಗೆ ಕೇಳ್ತದಾ? ಓದಾ!”

ಓದಿದ. ಮೂರು ಸಾಲಿಗೆ ಕತ್ರೀನಕ್ಕ ತಲೆದೂಗಿದಳು. ನಾಲ್ಕನೆಯದು ಹೀಗಿತ್ತು: ‘ತಂಗಿಯ ಮನೆಗೆ ಹೋಗುವ ದಾರಿಯ ಮರೆತೇಬಿಟ್ಟಳು, ದೇವಾ.’

ಕತ್ರೀನಕ್ಕನ ಮುಖ ಕೆಂಪಾಯಿತು. ಕೊಪ್ಪದ ಹತ್ತಿರ ಬಾಳಗಡಿಯಲ್ಲಿರುವ ತಂಗಿ ಲೂಸಿಯ ಜೊತೆ ಅವಳಿಗೆ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಲೂಸಿಯ ಮಗಳ ಮದುವೆಯ ಹಿಂದಿನ ದಿನ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ, ದೊಡ್ಡಮ್ಮನಾದ ತನ್ನನ್ನು ಬಿಟ್ಟು ಗಂಡನ ಕಡೆಯವರನ್ನು ಮೊದಲು ಕರೆದರು ಎಂಬುದು ಜಗಳ.

“ಅದನ್ನ ಹೊಡೆದು ಹಾಕು. ಊರೆದ್ರು ಓದ್ತೀಯಾ ಇದನ್ನ?”

“ಹೊಡೆದು ಹಾಕ್ತೆ. ನೀನು ಹೋಗಿ ಬಾ, ಬೇರೆ ಬರೀತೆ.”

“ನಾನಾ? ದೊಡ್ಡೋಳು ನಾನು!”

“ಹಂಗಾದ್ರೆ ಇದೇ ಇರ್ಲಿ.”

ಒಂದು ವಾರ ಅವಳಿಗೂ ಇನಾಸಣ್ಣನಿಗೂ ಮಾತಿಲ್ಲ. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಸಮಾಧಾನ ಕೋರುವ ಹೊತ್ತಿಗೆ ಕತ್ರೀನಕ್ಕ ಅವನೊಬ್ಬನನ್ನು ಬಿಟ್ಟು ಸುತ್ತಲಿನವರಿಗೆಲ್ಲ ಕೈಮುಗಿದಳು. ಎಂಟನೆಯ ದಿನ ಬೆಳಗ್ಗೆ ಒಳ್ಳೆಯ ಸೀರೆ ಉಟ್ಟು ಕೊಪ್ಪದ ಬಸ್ಸು ಹತ್ತಿದ್ದನ್ನು ನಾನೇ ಕಂಡೆ. ಸಂಜೆ ನೇರ ಅಂಗಡಿಗೇ ಬಂದಳು.

“ಹೋಗಿದ್ದೆ. ಬರಿ.”

“ಊಟ ಮಾಡಿದ್ಯಾ?”

“ಪೋರ್ಕ್ ಮಾಡಿದ್ಲು. ಉಪ್ಪು ಕಮ್ಮಿ. ನಾನು ಹೇಳ್ಲಿಲ್ಲ.”

“ಹೇಳ್ಲಿಲ್ವಾ!” ಇನಾಸಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟು ಶಿಲುಬೆ ಗುರುತು ಹಾಕಿಕೊಂಡ. ಅಲ್ಲೇ ಪುಸ್ತಕದಲ್ಲಿ ಅವಳ ಹಾಳೆ ತೆಗೆದು, ನಾಲ್ಕನೆಯ ಸಾಲು ಹೊಡೆದು ಹಾಕಿ ಬರೆದ: ‘ತಡವಾದರು ಸರಿ, ತಂಗಿಯ ಮನೆಯಲಿ ಉಂಡೇ ಬಂದಳು, ದೇವಾ.’ ಕತ್ರೀನಕ್ಕ ಎರಡು ಸಲ ಓದಿಸಿ, ಆ ಹಾಳೆ ಹರಿದುಕೊಂಡು ಬ್ಲೌಸಿಗೆ ಸಿಕ್ಕಿಸಿಕೊಂಡು ಹೋದಳು. ಆಮೇಲೆ ತಿಂಗಳಿಗೊಮ್ಮೆ ಅಕ್ಕ ಅಲ್ಲಿಗೆ, ಇಲ್ಲವೇ ತಂಗಿ ಇಲ್ಲಿಗೆ.

ಹೋದ ವರ್ಷ ಇನಾಸಣ್ಣನೇ ಮೊದಲು ಹೊರಟುಬಿಟ್ಟ, ಮಧ್ಯಾಹ್ನ ಊಟಕ್ಕೆ ಕೈ ತೊಳೆದು ಕೂತವನು ಹಾಗೆಯೇ. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಯಿತು. ಜನ ಅಭ್ಯಾಸಬಲದಿಂದ ಕಾದು ನಿಂತರು. ಪಾದ್ರಿಗಳು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅವನ ಮೇಲೆ ಬರೆಯಲು ಯಾರಿಗೆ ಬರುತ್ತದೆ?

ಆಗ ಕತ್ರೀನಕ್ಕ ತಂಗಿಯ ಕೈ ಹಿಡಿದುಕೊಂಡು ನಿಧಾನವಾಗಿ ಮುಂದೆ ಬಂದಳು. ಮಡಿಚಿ ಮಡಿಚಿ ಮೆತ್ತಗಾದ ಆ ಹಾಳೆಯನ್ನು ತೆಗೆದು, ಜಪಸರ ಸುತ್ತಿದ್ದ ಅವನ ಬೆರಳುಗಳ ನಡುವೆ ತುರುಕಿದಳು.

“ಹೆಂಗೂ ಹೋಗ್ತಾ ಇದೀಯಲ್ಲ, ನಂದೂ ಅಲ್ಲಿ ಕೊಟ್ಟಿಡು,” ಎಂದಳು. “ಅವಸರ ಎಂತದೂ ಇಲ್ಲ ಅನ್ನು. ಈ ಭಾನುವಾರ ಲೂಸಿ ಊಟಕ್ಕೆ ಕರೆದಿದಾಳೆ.”